ಎರಡಕ್ಷರದ ಹೆಸರು

ಭಾನುವಾರದ ಆರಾಧನೆಯ ಸಂದೇಶ, ಜಮಖಂಡಿ
ಓದಿದ ವಾಕ್ಯಭಾಗ: ಲೂಕ 1:57–66

ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದ ಬೆಳಿಗ್ಗೆ ಬಸ್ ಹಿಡಿದು ಬಂದವರಿಗೆ, ಬೆಂಗಳೂರು, ಪುಣೆಯಲ್ಲಿ ಪಿಜಿ ರೂಮಿನಲ್ಲಿ ಕುಳಿತು ಮೊಬೈಲ್‌ನಲ್ಲಿ ನೋಡ್ತಾ ಇರೋ ನಮ್ಮ ಯುವಕ ಯುವತಿಯರಿಗೆ, ಎಲ್ಲರಿಗೂ ಸ್ವಾಗತ. ಕಳೆದ ವಾರವೆಲ್ಲ ಕಾಪಾಡಿದ ದೇವರಿಗೆ ಒಂದು ಸಲ ಜೋರಾಗಿ ಸ್ತೋತ್ರ ಹೇಳೋಣ. ಹಲ್ಲೆಲೂಯಾ!

ಮುಂದಿನ ಭಾನುವಾರ ನಮ್ಮ ಸಭೆಯಲ್ಲಿ ಒಂದು ಮಗುವಿನ ಸಮರ್ಪಣೆ ಇದೆ. ನಿಮಗೆ ಗೊತ್ತು, ನಾವು ಕೂಸುಗಳಿಗೆ ದೀಕ್ಷಾಸ್ನಾನ ಕೊಡೋದಿಲ್ಲ. ಅದು ಬೆಳೆದು, ತಾನೇ ನಂಬಿ, ತಾನೇ ಕೇಳಿ ತಗೋಬೇಕು. ನಾವು ಮಾಡೋದು ಇಷ್ಟೇ: ಹನ್ನಳು ಸಮುವೇಲನನ್ನು ದೇವರ ಮನೆಗೆ ಕರ್ಕೊಂಡು ಹೋದ ಹಾಗೆ, ಮಗುವನ್ನು ಕರ್ತನ ಸನ್ನಿಧಿಗೆ ತಂದು, ಹೆಸರು ಹೇಳಿ, ಪ್ರಾರ್ಥನೆ ಮಾಡ್ತೇವೆ. ಆದರೆ ಆ ಮಗುವಿಗೆ ಮೂರು ವಾರದ ಹಿಂದೆ ಹೆಸರೇ ಇರಲಿಲ್ಲ. ಹೆಸರಿನ ಬದಲು ಆ ಮನೆಯಲ್ಲಿ ಜಗಳ ಇತ್ತು.

ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡ್ತಾರೆ. ಊರು ಬನಹಟ್ಟಿ. ಹೆರಿಗೆಗೆ ಊರಿಗೆ ಬಂದಿದ್ದರು. ಒಂದು ರಾತ್ರಿ ಹನ್ನೊಂದು ಗಂಟೆಗೆ ಆ ಹುಡುಗ ನನಗೆ ಮೆಸೇಜ್ ಹಾಕಿದ. ನಲವತ್ತು ಹೆಸರಿನ ಪಟ್ಟಿ. "ಪಾಸ್ಟರ್, ಸಣ್ಣ ಹೆಸರು ಬೇಕು. ಎರಡಕ್ಷರ ಇರಬೇಕು. ಬೈಬಲ್‌ಗೆ ಸಂಬಂಧ ಇರಬೇಕು. ಆಫೀಸ್‌ನಲ್ಲಿ, ನಾಳೆ ಫಾರಿನ್‌ಗೆ ಹೋದರೂ ಕರೆಯೋಕೆ ಈಸಿ ಆಗಬೇಕು. ನಮಗಿಬ್ಬರಿಗೂ ಝೋಯಿ ಇಷ್ಟ ಆಗೇತ್ರಿ. ಅವ್ವ ಮಾತ್ರ ಮಾತು ಬಿಟ್ಟಾಳ."

ಯಾಕೆ ಮಾತು ಬಿಟ್ಟರು? ಆ ತಾಯಿಗೆ ತನ್ನ ಅತ್ತೆಯ ಹೆಸರು ಇಡಬೇಕು ಅಂತ ಆಸೆ. ನೀಲವ್ವ. ಮಗ ಒಪ್ಪಲಿಲ್ಲ. "ನಾವು ವಿಶ್ವಾಸಿಗಳು, ಹಳೇ ಹೆಸರು ಬ್ಯಾಡ" ಅಂದ. ತಾಯಿ ವಿಶ್ವಾಸಕ್ಕೆ ಬಂದವರಲ್ಲ. ಅವರಿಗೆ ಕೇಳಿಸಿದ್ದು ಏನು? "ನಿನ್ನ ಮನಿತನ ನಮಗ ಬ್ಯಾಡ" ಅಂತ ಕೇಳಿಸಿತು. ಪ್ರಿಯರೇ, ಅಕ್ಷರ ಎರಡೇ ಇದ್ದರೂ ಒಂದು ಹೆಸರು ಒಂದು ಮನೆಯನ್ನು ಒಡೆಯಬಹುದು.

ಲೂಕನ ಮೊದಲನೆಯ ಅಧ್ಯಾಯ ನೋಡಿ. ಅಲ್ಲಿಯೂ ಇದೇ ಜಗಳ. ವಯಸ್ಸಾದ ಮೇಲೆ ಎಲಿಸಬೇತಳಿಗೆ ಗಂಡುಮಗು ಹುಟ್ಟಿತು. ಎಂಟನೆಯ ದಿನ ಬಂಧುಬಳಗ, ನೆರೆಹೊರೆ ಎಲ್ಲ ಸೇರಿದರು. ನಮ್ಮ ಕಡೆ ತೊಟ್ಟಿಲ ಕಾರ್ಯಕ್ಕೆ ಜನ ಸೇರೋ ಹಾಗೆ. ಅಪ್ಪನ ಹೆಸರೇ ಮಗನಿಗೂ, ಜಕರೀಯ ಅಂತಲೇ ಇಡೋಣ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು! ತಾಯಿ ಬೇಡ ಅಂದಳು, ಯೋಹಾನ ಅಂತ ಕರೀಬೇಕು ಅಂದಳು. ಬಳಗದವರು ಏನು ಹೇಳಿದರು? ನಿಮ್ಮ ಸಂಬಂಧಿಕರಲ್ಲಿ ಆ ಹೆಸರಿನವರು ಒಬ್ಬರೂ ಇಲ್ಲವಲ್ಲ ಅಂದರು. ಎರಡು ಸಾವಿರ ವರ್ಷ ಆಯಿತು, ನಮ್ಮ ಸೋದರತ್ತೆಯರು ಇವತ್ತಿಗೂ ಅದೇ ಮಾತು ಹೇಳ್ತಾರೆ. (ಸಭೆಯಲ್ಲಿ ನಗು)

ಆಗ ಜಕರೀಯನನ್ನು ಕೇಳಿದರು. ಅವನಿಗೆ ಮಾತು ನಿಂತುಹೋಗಿತ್ತು. ಹಲಗೆ ತರಿಸಿ ಬರೆದ. ಗಂಡ ಹೆಂಡತಿ ಇಬ್ಬರದೂ ಒಂದೇ ಮಾತು, ಒಂದೇ ಹೆಸರು. ಬರೆದ ಕೂಡಲೇ ಅವನ ನಾಲಿಗೆ ಸಡಿಲವಾಯಿತು, ಅವನು ದೇವರನ್ನು ಕೊಂಡಾಡಿದ. ಗಮನಿಸಿ, ಬಾಯಿ ತೆರೆದ ಕೂಡಲೇ ಅವನು ಬಳಗದವರನ್ನು ಬೈಯಲಿಲ್ಲ. "ನೋಡಿದ್ರ್ಯಾ, ನಾವು ಹೇಳಿದ್ದೇ ಆತು" ಅನ್ನಲಿಲ್ಲ. ಸ್ತೋತ್ರ ಮಾಡಿದ. ಮಗುವಿಗೆ ಹೆಸರಿಡುವಾಗ ನಿಮ್ಮ ಬಾಯಲ್ಲಿ ಸ್ತೋತ್ರ ಇದೆಯೋ, ಜಗಳ ಇದೆಯೋ? ಇವತ್ತಿನ ಸಂದೇಶ ಇಲ್ಲಿಂದ ಶುರು.

ಮೂರು ಮಾತು ಹೇಳ್ತೇನೆ. ಬರ್ಕೊಳ್ಳಿ.

ಮೊದಲನೆಯದು: ಹೆಸರು ಕೃತಜ್ಞತೆಯಿಂದ ಹುಟ್ಟಲಿ.

ಯೋಹಾನ ಅಂದರೆ ಯೆಹೋವನು ಕೃಪೆ ತೋರಿಸಿದ್ದಾನೆ ಅಂತ ಅರ್ಥ. ಸಮುವೇಲನ ಹೆಸರು ಯಾಕೆ ಬಂತು? ದೇವರನ್ನು ಬೇಡಿ ಪಡೆದ ಮಗ ಅಂತ ತಾಯಿಗೆ ನೆನಪಿರಲಿ ಅಂತ. ಅಂದರೆ ಆ ಮನೆಯಲ್ಲಿ ಮಗುವನ್ನು ಊಟಕ್ಕೆ ಕರೆದಾಗಲೆಲ್ಲ ಒಂದು ಸಾಕ್ಷಿ ಹೇಳಿದ ಹಾಗೆ ಆಗ್ತಿತ್ತು.

ಇದಕ್ಕೆ ನಮ್ಮ ಸೀಮೆಯ ಒಂದು ಉದಾಹರಣೆ ಕೊಡ್ತೇನೆ. ಮುಧೋಳದವರೇ, ನಿಮ್ಮ ಊರಿನ ದೊಡ್ಡ ಕವಿ ಯಾರು? (ಸಭೆಯಿಂದ: ರನ್ನ!) ಹೌದು, ರನ್ನ. ಹುಟ್ಟಿದ್ದು 949ರಲ್ಲಿ, ಬಳೆಗಾರರ ಮನೆಯಲ್ಲಿ. ರತ್ನ ಅನ್ನೋ ಶಬ್ದವೇ ಕನ್ನಡದ ಬಾಯಲ್ಲಿ ರನ್ನ ಆಯಿತು. ಎರಡೇ ಅಕ್ಷರ! ಬಳೆ ಮಾರೋ ಮನೆಯ ಹುಡುಗನಿಗೆ ಓದೋದು ಸುಲಭ ಇರಲಿಲ್ಲ. ಗಂಗರ ಮಂತ್ರಿ ಚಾವುಂಡರಾಯ, ಶ್ರವಣಬೆಳಗೊಳದಲ್ಲಿ ಗೊಮ್ಮಟನ ಮೂರ್ತಿ ಮಾಡಿಸಿದವನು, ಅವನಿಗೆ ಆಸರೆ ಆದ. ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆ ಆಸರೆ ಆದಳು. 993ರಲ್ಲಿ ಅವನು ಬರೆದ ಅಜಿತಪುರಾಣ ಆಕೆಯ ಆಶ್ರಯದಲ್ಲಿ ಬಂದದ್ದು. ಇದೆಲ್ಲ ನೀವು ಶಾಲೆಯಲ್ಲಿ ಓದಿದ್ದೀರಿ, ಪರೀಕ್ಷೆ ಬರೆದು ಮರೆತಿದ್ದೀರಿ. ಆದರೆ ನನಗೆ ಇಷ್ಟವಾದದ್ದು ಬೇರೆ. ರನ್ನ ತನ್ನ ಮಗನಿಗೆ ಏನು ಹೆಸರಿಟ್ಟ ಗೊತ್ತೇನು? ರಾಯ. ಮಗಳಿಗೆ? ಅತ್ತಿಮಬ್ಬೆ. ತನ್ನನ್ನು ಎತ್ತಿದ ಇಬ್ಬರ ಹೆಸರನ್ನು ತನ್ನ ಇಬ್ಬರು ಮಕ್ಕಳಿಗೆ ಇಟ್ಟ. ಮನೆಯಲ್ಲಿ "ರಾಯಾ, ಬಾರೋ" ಅಂದಾಗೆಲ್ಲ ತಾನು ಎಲ್ಲಿಂದ ಬಂದೆ, ಯಾರು ಕೈ ಹಿಡಿದರು ಅನ್ನೋದು ಅವನಿಗೆ ನೆನಪಾಗಬೇಕು.

ರನ್ನ ಜೈನ. ನಮ್ಮ ವಿಶ್ವಾಸದವನಲ್ಲ. ಆದರೆ ಉಪಕಾರ ಮರೆಯದ ಮನುಷ್ಯನಿಂದ ಕಲಿಯೋಕೆ ನಮಗೇನು ನಾಚಿಕೆ? ಅಪ್ಪನ ಬಳೆ ಮಲಾರದಿಂದ ಎತ್ತಿದವರನ್ನು ಅವನು ನೆನಪಿಟ್ಟ. ಪಾಪದಿಂದ, ಮರಣದಿಂದ ನಮ್ಮನ್ನು ಎತ್ತಿದವನನ್ನು ನಾವು ನೆನಪಿಡೋದು ಬೇಡವಾ? ಮುಧೋಳ ತಾಲೂಕಿನಲ್ಲಿ ಒಂದು ಊರು ಇವತ್ತಿಗೂ ಅವನ ಹೆಸರನ್ನು ತನ್ನ ಹೆಸರಿನ ಮುಂದೆ ಹಾಕ್ಕೊಂಡಿದೆ, ರನ್ನಬೆಳಗಲಿ. ಹೆಸರು ಎಷ್ಟು ಉದ್ದ ಇರಬೇಕು ಅಂತ ಕೇಳಬೇಡಿ. ಯಾರನ್ನು ನೆನಪಿಸಬೇಕು ಅಂತ ಮೊದಲು ಕೇಳಿ.

ಎರಡನೆಯದು: ಗಾಯದಿಂದ ಹೆಸರು ಇಡಬೇಡಿ.

ಆದಿಕಾಂಡ 35ರಲ್ಲಿ ರಾಹೇಲಳು ದಾರಿಯಲ್ಲಿ ಹೆರಿಗೆ ನೋವಿನಲ್ಲಿ ಸಾಯ್ತಾಳೆ. ಪ್ರಾಣ ಹೋಗುವ ಮುಂಚೆ ಕೂಸಿಗೆ ಬೆನೋನಿ ಅಂತ ಕರೀತಾಳೆ. ನನ್ನ ದುಃಖದ ಮಗ ಅಂತ ಅರ್ಥ. ಯಾಕೋಬ ತನ್ನ ಪ್ರಿಯ ಹೆಂಡತಿಯನ್ನು ಈಗ ತಾನೇ ಕಳಕೊಂಡಿದ್ದಾನೆ. ಅವನಿಗೆ ದುಃಖ ಇಲ್ಲವಾ? ಇದೆ. ಆದರೂ ಆ ದುಃಖವನ್ನು ಕೂಸಿನ ತಲೆ ಮೇಲೆ ಹೊರಿಸಲಿಲ್ಲ. ಬೆನ್ಯಾಮೀನ್ ಅಂದ. ಬಲಗೈಯ ಮಗ.

ನಮ್ಮ ಸುತ್ತಮುತ್ತ ಬೆನೋನಿಗಳು ಎಷ್ಟು ಜನ! ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ನಕುಶಾ, ನಕುಶಿ ಅಂತ ಹೆಸರಿಡ್ತಿದ್ದರು. ಬೇಡಾದವಳು ಅಂತ ಅರ್ಥ. ಗಂಡುಮಗು ಕಾಯ್ತಿದ್ದ ಮನೆಯಲ್ಲಿ ಮತ್ತೆ ಹೆಣ್ಣು ಹುಟ್ಟಿದರೆ ಆ ಹೆಸರು. ಹಾಜರಿ ಕರೆಯುವಾಗ ದಿನಾ ಬೆಳಿಗ್ಗೆ "ಬೇಡಾದವಳು" ಅಂತ ಕೂಗಿದರೆ "ಇದ್ದೀನಿ ಟೀಚರ್" ಅನ್ನಬೇಕು. 2011ರ ಅಕ್ಟೋಬರ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಒಂದು ಕಾರ್ಯಕ್ರಮ ಮಾಡಿ ಅಂಥ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ಆ ಸುದ್ದಿ ಓದಿದ ದಿನ ನಾನು ಅತ್ತೆ. ಯಾಕಂದರೆ ನನಗೂ ಒಂದು ಹೆಸರಿನ ಕಥೆ ಇದೆ.

ನನ್ನ ಮನೆ ಹೆಸರು ತಿಪ್ಪ. ಶಾಲೆಯ ದಾಖಲೆಯಲ್ಲಿ ತಿಪ್ಪಣ್ಣ. ನನಗಿಂತ ಮುಂಚೆ ನಮ್ಮವ್ವನಿಗೆ ಎರಡು ಕೂಸು ಹುಟ್ಟಿ ಸತ್ತಿದ್ದವು. ನಾನು ಹುಟ್ಟಿದಾಗ ಹಿರಿಯರು ನನ್ನನ್ನು ಮರದಲ್ಲಿ ಹಾಕಿ, ತಿಪ್ಪೆ ಮೇಲೆ ಇಟ್ಟು, ತಿರುಗಿ ಎತ್ತಿಕೊಂಡು ಬಂದು, ತಿಪ್ಪ ಅಂತ ಕರೆದರು. ಕಸ ಅಂತ ತಿಳಿದು ಸಾವು ಇದನ್ನ ಮುಟ್ಟಬಾರದು ಅಂತ. ಶಾಲೆಯಲ್ಲಿ ಹುಡುಗರು ಮೂಗು ಮುಚ್ಕೊಂಡು ಕರೀತಿದ್ದರು. ದೀಕ್ಷಾಸ್ನಾನ ಆದಾಗ ನನಗೆ 19 ವರ್ಷ. ಮೊದಲು ಮಾಡಿದ ಕೆಲಸ ಏನು? ಅವ್ವನ ಮುಂದೆ ನಿಂತು, "ಎಂಥಾ ಹೆಸರು ಇಟ್ಟೆಬೇ ನನಗ? ಬದಲು ಮಾಡಸ್ತೀನಿ" ಅಂದೆ. ಅವ್ವ ರೊಟ್ಟಿ ಬಡೀತಿದ್ದಳು. ಕೈ ನಿಲ್ಲಿಸಲಿಲ್ಲ. "ಮಾಡಸು. ನೀ ಉಳಿದ್ಯಲ್ಲಾ, ಸಾಕು" ಅಂದಳು. ಅಷ್ಟೇ.

ಆ ರಾತ್ರಿ ಸತ್ಯವೇದ ತೆಗೆದೆ. ಹನ್ನಳ ಪ್ರಾರ್ಥನೆ, ಒಂದನೇ ಸಮುವೇಲ 2:8. ದೇವರು ದಿಕ್ಕಿಲ್ಲದವರನ್ನು ಎಲ್ಲಿಂದ ಎತ್ತುತ್ತಾನೆ ಅಂತ ಅಲ್ಲಿದೆ? ಬಂಗಲೆಯಿಂದಲ್ಲ. ತಿಪ್ಪೆಯಿಂದ! ಎತ್ತಿ ಪ್ರಭುಗಳ ಸಾಲಿನಲ್ಲಿ ಕೂರಿಸುತ್ತಾನೆ. ಹಲ್ಲೆಲೂಯಾ! ನಾನು ನಾಚಿಕೆ ಪಟ್ಟ ಶಬ್ದ ದೇವರ ವಾಕ್ಯದಲ್ಲಿ ಮೊದಲೇ ಇತ್ತು. ಇವತ್ತಿಗೂ ನನ್ನ ಆಧಾರ್ ಕಾರ್ಡಿನಲ್ಲಿ ಅದೇ ಹೆಸರು. ಬದಲಾಯಿಸಲಿಲ್ಲ.

ಬದಲಾಯಿಸಬಾರದು ಅಂತ ನಾನು ಹೇಳ್ತಿಲ್ಲ. ನಕುಶಿ ಅನ್ನೋ ಹೆಸರಿದ್ದರೆ ಬದಲಾಯಿಸಿ, ನಾನೇ ಕಚೇರಿಗೆ ಜೊತೆಗೆ ಬರ್ತೇನೆ. ಆದರೆ ಒಂದು ಕೇಳ್ತೇನೆ. ನಿಮ್ಮ ಹಿರಿಯರು ಇಟ್ಟ ಹೆಸರಿನ ಒಳಗೆ ಏನಿದೆ ಅಂತ ಒಂದು ಸಲ ಕೇಳಿ ನೋಡಿ. ನಾನು ಅವಮಾನ ಅಂತ ತಿಳಿದದ್ದು ನಮ್ಮವ್ವನ ಭಯ ಆಗಿತ್ತು. ಆ ಭಯದ ಒಳಗೆ ಪ್ರೀತಿ ಇತ್ತು. ಆಕೆಗೆ ಯೇಸು ಗೊತ್ತಿರಲಿಲ್ಲ, ಅದಕ್ಕೆ ಸಾವಿಗೆ ಹೆದರಿ ಹೆಸರಿಟ್ಟಳು. ನಮಗೆ ಯೇಸು ಗೊತ್ತು. ನಾವು ಹೆದರಿ ಹೆಸರಿಡಬೇಕಾಗಿಲ್ಲ.

ಮೂರನೆಯದು: ಹೆಸರಿಗೆ ಶಕ್ತಿ ಇಲ್ಲ, ಕರೆಯುವವನಿಗೆ ಶಕ್ತಿ ಇದೆ.

ಯೌವನಸ್ಥರೇ, ಇದು ನಿಮಗೆ. ಇಂಥ ಅಕ್ಷರದಿಂದಲೇ ಶುರುವಾಗಬೇಕು, ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ‘ಎ’ ಜಾಸ್ತಿ ಹಾಕಿದರೆ ಲಕ್ ಬರುತ್ತೆ, ಕೂಡಿಸಿದರೆ ಇಂಥ ನಂಬರ್ ಬರಬೇಕು. ಇದೆಲ್ಲ ಬಿಟ್ಟು ಬಂದಿದ್ದೇವೆ ಅಂತೀರಿ. ಆದರೆ ನಾವು ಸಭೆಯೊಳಗೆ ಬೇರೆ ಥರ ಅದನ್ನೇ ಮಾಡ್ತೇವೆ. ದಾವೀದ ಅಂತ ಇಟ್ಟರೆ ರಾಜ ಆಗ್ತಾನೆ, ದಾನಿಯೇಲ ಅಂತ ಇಟ್ಟರೆ ಐಎಎಸ್ ಆಗ್ತಾನೆ! ಬೈಬಲ್‌ನಲ್ಲಿ ಯೂದ ಅಂದರೆ ಸ್ತೋತ್ರಕ್ಕೆ ಸಂಬಂಧಪಟ್ಟ ಒಳ್ಳೆಯ ಹೆಸರು. ಆ ಹೆಸರಿನವನೇ ಕರ್ತನನ್ನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ. ಹೆಸರು ಯಾರನ್ನೂ ರಕ್ಷಿಸೋದಿಲ್ಲ.

ಈಗ ನಾನು ವೇದಿಕೆ ಮೇಲೆ ಅಪರೂಪಕ್ಕೆ ಹೇಳೋ ಒಂದು ಮಾತು ಹೇಳಬೇಕು. ನನ್ನ ಹೆಂಡತಿಯ ಒಪ್ಪಿಗೆ ಕೇಳಿ ಹೇಳ್ತಾ ಇದ್ದೇನೆ.

22 ವರ್ಷದ ಹಿಂದೆ ನಮಗೆ ಮೊದಲನೇ ಮಗಳು ಹುಟ್ಟಿದಳು. ತಿಂಗಳು ತುಂಬಿರಲಿಲ್ಲ. ನಾನು ಹೊಸದಾಗಿ ಸೇವೆಗೆ ಬಂದಿದ್ದೆ. ಮಗಳಿಗೆ ತಕ್ಕ ಹೆಸರು ಹುಡುಕಬೇಕು, ಹೀಬ್ರೂ ಅರ್ಥ ನೋಡಬೇಕು, ಸಣ್ಣದಿರಬೇಕು, ಯಾರೂ ಇಟ್ಟಿರಬಾರದು ಅಂತ ನೋಟ್‌ಬುಕ್‌ನಲ್ಲಿ ಬರೀತಾ, ಹೊಡೆದು ಹಾಕ್ತಾ ಇದ್ದೆ. ಹೆಂಡತಿ ಹೇಳಿದಳು, "ಏನರ ಒಂದು ಇಡ್ರಿ, ಕರೀಬೇಕು ನಾನು." ನಾನು "ತಡಿ, ಪ್ರಾರ್ಥನೆ ಮಾಡಾಕತ್ತೀನಿ" ಅಂದೆ. ಮೂರನೇ ದಿನ ನಸುಕಿನಲ್ಲಿ ಕೂಸು ತೀರಿಹೋಯಿತು. ಕಾಗದದಲ್ಲಿ ಹೆಸರು ಬರೆಯುವ ಜಾಗ ಖಾಲಿ ಇತ್ತು. ಇಂಥವಳ ಮಗಳು ಅಂತ ಅಷ್ಟೇ ಬರೆದರು.

ಮಣ್ಣು ಮಾಡಿ ಬಂದ ಮೇಲೆ ನನ್ನ ಹೆಂಡತಿ ನನಗೆ ಒಂದೇ ಪ್ರಶ್ನೆ ಕೇಳಿದಳು. "ಅಕಿಗೆ ಹೆಸರ ಇಲ್ಲಲ್ರಿ. ದೇವರು ಅಕಿನ್ನ ಏನಂತ ಕರೀತಾನ?"

ನಾನು ಪಾಸ್ಟರ್. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಹಳ ದಿನ ಆದ ಮೇಲೆ ಎರಡನೇ ಸಮುವೇಲ 12 ಓದಿದೆ. ದಾವೀದನ ಮಗು ಏಳನೇ ದಿನ ಸತ್ತಿತು. ಎಂಟನೇ ದಿನ ಬರಲೇ ಇಲ್ಲ. ಆ ಕೂಸಿನ ಹೆಸರು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಆದರೂ ದಾವೀದ ಎದ್ದು, ಸ್ನಾನ ಮಾಡಿ, ದೇವರ ಮನೆಗೆ ಹೋಗಿ ಆರಾಧಿಸಿ, ಒಂದು ಮಾತು ಹೇಳ್ತಾನೆ: ಅದು ನನ್ನ ಹತ್ತಿರ ತಿರುಗಿ ಬರೋದಿಲ್ಲ, ನಾನೇ ಅದರ ಹತ್ತಿರ ಹೋಗ್ತೇನೆ ಅನ್ನೋ ಅರ್ಥದ ಮಾತು. ಹೆಸರಿಲ್ಲದ ಕೂಸಿನ ಹತ್ತಿರ ಹೇಗೆ ಹೋಗ್ತಾನೆ? ಗುರುತು ಹೇಗೆ ಹಿಡೀತಾನೆ? ದೇವರಿಗೆ ಗೊತ್ತಿದೆ ಅಂತ ಅವನಿಗೆ ಗೊತ್ತಿತ್ತು.

ಕೀರ್ತನೆ 139ರಲ್ಲಿ ದೇವರು ತಾಯಿಯ ಗರ್ಭದಲ್ಲಿ ನಮ್ಮನ್ನು ರೂಪಿಸಿದ ಅಂತ ಇದೆಯಲ್ಲ, ಮೂಲ ಭಾಷೆಯಲ್ಲಿ ಅದು ನೇಯ್ಗೆಯ ಮಾತು. ರಬಕವಿ-ಬನಹಟ್ಟಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು, ಹೊಕ್ಕು, ಒಂದೊಂದು ಎಳೆ ನೇಕಾರನ ಕೈಗೆ ಗೊತ್ತು. ಸೀರೆಗೆ ಅಂಗಡಿಯವನು ಹೆಸರಿಡೋದು ಆಮೇಲೆ. ಅದಕ್ಕೂ ಮುಂಚೆ ಮಗ್ಗದ ಮೇಲೆ ಇರುವಾಗಲೇ ನೇಯ್ದವನಿಗೆ ಅದು ಗೊತ್ತು. ಯೆಶಾಯ 49ರಲ್ಲಿ ಕರ್ತನು ತನ್ನ ಜನರನ್ನು ಅಂಗೈಯಲ್ಲಿ ಕೆತ್ತಿಕೊಂಡಿದ್ದೇನೆ ಅನ್ನುತ್ತಾನೆ. ನನ್ನ ನೋಟ್‌ಬುಕ್ ಖಾಲಿ ಇತ್ತು. ಆತನ ಅಂಗೈ ಖಾಲಿ ಇರಲಿಲ್ಲ!

ಆ ದಿನ ನಾವಿಬ್ಬರೂ ಮೊಣಕಾಲೂರಿ ನಮ್ಮ ಮಗಳಿಗೆ ಒಂದು ಹೆಸರಿಟ್ಟೆವು. ಎರಡಕ್ಷರದ್ದು. ಅದು ಯಾವುದು ಅಂತ ನಾನು ಹೇಳೋದಿಲ್ಲ. ನನಗೆ, ನನ್ನ ಹೆಂಡತಿಗೆ, ಕರ್ತನಿಗೆ ಗೊತ್ತು, ಸಾಕು. ಪ್ರಕಟನೆ 2:17ರಲ್ಲಿ ಬಿಳಿಕಲ್ಲಿನ ಮೇಲೆ ಹೊಸ ಹೆಸರು ಬರೆದಿರುತ್ತದೆ, ಪಡೆದವನಿಗೆ ಮಾತ್ರ ಅದು ಗೊತ್ತು ಅಂತ ಓದುತ್ತೇವೆ. ಇಲ್ಲಿ ಕೂತವರಲ್ಲಿ ಯಾರಾದರೂ ತಾಯಿ ಹೆಸರಿಡದೇ ಕಳಕೊಂಡ ಕೂಸನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಇದ್ದರೆ, ಅಕ್ಕಾ, ಅದು ಅನಾಮಿಕ ಅಲ್ಲ. ನೀನು ಕರೆಯೋಕೆ ಆಗಲಿಲ್ಲ. ಆತ ಕರೆದಿದ್ದಾನೆ. (ಸಭೆಯಲ್ಲಿ ಸ್ವಲ್ಪ ಹೊತ್ತು ಪ್ರಾರ್ಥನೆ)

ಸರಿ. ಬನಹಟ್ಟಿಯ ಮನೆಗೆ ವಾಪಸ್ ಹೋಗೋಣ.

ನಾನು ಆ ಹುಡುಗನಿಗೆ ಫೋನ್ ಮಾಡಿ, "ಪಟ್ಟಿ ತಗದಿಡು. ನಾಳೆ ನಿಮ್ಮವ್ವನ ಹತ್ರ ಕೂತು, ನೀಲವ್ವ ಹೆಂಗಿದ್ದಳು ಅಂತ ಕೇಳು. ಅಷ್ಟ ಕೇಳು, ಬ್ಯಾರೆ ಏನೂ ಮಾತಾಡಬ್ಯಾಡ" ಅಂದೆ. ಅವನು ಕೇಳಿದ. ಆ ತಾಯಿ ಒಂದು ತಾಸು ಮಾತಾಡಿದರಂತೆ. ಮದುವೆಯಾಗಿ ಬಂದಾಗ ಇವರಿಗೆ ಹದಿನೈದು ವರ್ಷ. ಅತ್ತೆ ಮಗ್ಗದ ಕೆಲಸ ಕಲಿಸಿದರು, ಕಾಯಿಲೆ ಬಿದ್ದಾಗ ಎತ್ತಿ ಉಣಿಸಿದರು. "ನಮ್ಮತ್ತಿ ನನ್ನ ಜೀವಾ ಉಳಿಸಿದಾಕಿ" ಅಂದರು. ಕಡೆಗೆ ಸೊಸೆ ಮೆಲ್ಲಗೆ ಕೇಳಿದಳು, "ಅತ್ತಿ, ಝೋಯಿ ಯಾಕ ಬ್ಯಾಡ್ರಿ?" ಆಕೆ ಹೇಳಿದ್ದು ಕೇಳಿ: "ಹೆಸರ ಯಾವುದಾದ್ರೂ ಇಡವಾ. ನನ್ನ ಬಾಯಾಗ ಬರೂದಿಲ್ಲದು. ಮೊಮ್ಮಗಳನ್ನ ನಾ ಹೆಂಗ ಕರೀಲಿ?"

ಪ್ರಿಯರೇ, ಆ ತಾಯಿಯ ನೋವು ನೀಲವ್ವನ ಹೆಸರಿಗಾಗಿ ಅಲ್ಲ. ತನ್ನ ಬಾಯಿಗೆ ಬಾರದ ಹೆಸರಿಟ್ಟು ಮೊಮ್ಮಗಳನ್ನು ತನ್ನಿಂದ ದೂರ ಒಯ್ತಾರೆ ಅನ್ನೋ ನೋವು. ನಮ್ಮ ಹುಡುಗ ಅದನ್ನು ವಿಶ್ವಾಸದ ವಿರೋಧ ಅಂತ ತಿಳಿದಿದ್ದ.

ಝೋಯಿ ಅಂದರೆ ಏನು? ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಝೋಯೆ ಅಂದರೆ ಜೀವ. ಯೋಹಾನ 10:10ರಲ್ಲಿ, 14:6ರಲ್ಲಿ ನಮ್ಮ ಕರ್ತನು ಜೀವದ ಬಗ್ಗೆ ಹೇಳಿದಾಗ ಅಲ್ಲಿರೋ ಶಬ್ದ ಅದೇ. ಹಾಗಾದರೆ ಕನ್ನಡದಲ್ಲಿ? ಆ ಮಗುವಿನ ಹೆಸರು ಜೀವಾ. ಎರಡೇ ಅಕ್ಷರ. ಬೆಂಗಳೂರಿನ ಆಫೀಸಿಗೂ ಬರುತ್ತೆ, ಬನಹಟ್ಟಿಯ ಅಜ್ಜಿಯ ಬಾಯಿಗೂ ಬರುತ್ತೆ. ನಮ್ಮ ಕಡೆ ಅಜ್ಜಿಯರು ಮುದ್ದು ಬಂದರೆ ಏನು ಅಂತಾರೆ? "ಬಾರ ನನ್ನ ಜೀವಾ" ಅಂತಾರಲ್ಲ! ಮುಂದಿನ ಭಾನುವಾರ ಆ ತಾಯಿ ಸಮರ್ಪಣೆಗೆ ಬರ್ತಾ ಇದ್ದಾರೆ. ಮೊದಲನೇ ಸಲ ಈ ಬಾಗಿಲೊಳಗೆ ಕಾಲಿಡ್ತಾ ಇದ್ದಾರೆ. ಸಭೆಯವರೇ, ಪ್ರೀತಿಯಿಂದ ಮಾತಾಡಿಸ್ರಿ. ಒಂದೇ ದಿನ ಎಲ್ಲಾ ಉಪದೇಶ ಮಾಡಾಕ ಹೋಗಬ್ಯಾಡ್ರಿ. (ನಗು)

ಹೆಸರು ಹುಡುಕುತ್ತಾ ಇರೋ ತಂದೆತಾಯಿಗಳಿಗೆ ನಾಲ್ಕು ಸಣ್ಣ ಮಾತು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಪ್ರಾರ್ಥಿಸಿ, ಒಬ್ಬರೇ ತೀರ್ಮಾನ ಮಾಡಬೇಡಿ. ಅರ್ಥ ತಿಳ್ಕೊಳ್ಳಿ, ಆ್ಯಪ್ ಹೇಳಿದ್ದೆಲ್ಲ ನಂಬಬೇಡಿ. ಬಾಗಿಲಲ್ಲಿ ನಿಂತು ಜೋರಾಗಿ ಒಂದು ಸಲ ಕೂಗಿ ನೋಡಿ, ಅಜ್ಜಿಗೂ ಕೂಗೋಕೆ ಹೇಳಿ. ಮತ್ತೆ ತಡ ಮಾಡಬೇಡಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಹೆಸರು ಆಗ ಸಿಗದಿದ್ದರೆ ಖಾಲಿ ಬಿಟ್ಟು, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರೋದರಿಂದ ಹಿಡಿದು ಎಲ್ಲದಕ್ಕೂ ಆ ಪ್ರಮಾಣಪತ್ರವೇ ಆಧಾರ. ಅಕ್ಷರ ತಪ್ಪಿಲ್ಲದೆ ಬರೆಸಿ.

ಕೊನೆಗೆ ಒಂದು ಮಾತು. ಬೀಳಗಿ ಕಡೆಯವರು ಇಲ್ಲಿದ್ದೀರಿ. ಆಲಮಟ್ಟಿಯ ಹಿನ್ನೀರು ಬಂದಾಗ ಊರುಗಳು ಮುಳುಗಿದವು. ಮನೆ ಹೋಯಿತು, ಹೊಲ ಹೋಯಿತು, ಆಡಿದ ಬೀದಿ ಹೋಯಿತು. ಪುನರ್ವಸತಿ ಕೇಂದ್ರಕ್ಕೆ ಹೋದವರು ಏನು ಒಯ್ದರು? ಊರಿನ ಹೆಸರು ಒಯ್ದರು. ಒಂದು ದಿನ ನಮ್ಮ ಮನೆ, ನಮ್ಮ ಡಿಗ್ರಿ, ನಮ್ಮ ಬ್ಯಾಂಕ್ ಖಾತೆ ಎಲ್ಲವೂ ಹಿಂದೆ ಉಳೀತವೆ. ಆ ದಿನ ಲೂಕ 10:20ರಲ್ಲಿ ಕರ್ತನು ಹೇಳಿದ ಒಂದೇ ಸಂತೋಷ ಉಳಿಯುತ್ತದೆ. ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆಯಾ?

ಅವ್ವ ಎರಡಕ್ಷರ. ಅಪ್ಪ ಎರಡಕ್ಷರ. ಕೃಪೆ ಎರಡಕ್ಷರ. ಎಲ್ಲಾ ಹೆಸರಿಗಿಂತ ಮೇಲಾದ ಹೆಸರು ನಮ್ಮ ಭಾಷೆಯಲ್ಲಿ ಎಷ್ಟು ಅಕ್ಷರ? ಎಣಿಸಿ. ಯೇ, ಸು. ಉಸಿರು ಕಟ್ಟಿದಾಗಲೂ, ಆಸ್ಪತ್ರೆಯ ವರಾಂಡದಲ್ಲಿ ನಿಂತಾಗಲೂ, ಬೇರೆ ಯಾವ ಮಾತೂ ಬಾಯಿಗೆ ಬಾರದಾಗಲೂ ಕರೆಯಬಹುದಾದಷ್ಟು ಸಣ್ಣ ಹೆಸರು. ಆ ನಸುಕಿನಲ್ಲಿ ನನ್ನ ಬಾಯಿಗೆ ಬಂದದ್ದು ಅದೊಂದೇ.

ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚಿ. ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ತೊಟ್ಟಿಲಲ್ಲಿರುವ ಕೂಸುಗಳನ್ನು, ಇನ್ನೂ ಗರ್ಭದಲ್ಲಿರುವ ಕೂಸುಗಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಕೂಸಿಗಾಗಿ ವರ್ಷಗಳಿಂದ ಕಾಯುತ್ತಿರುವ ಹನ್ನಳಂಥ ನಮ್ಮ ಸಹೋದರಿಯರ ಕಣ್ಣೀರನ್ನು ನೋಡಪ್ಪಾ. ಬೇಡಾದವಳು ಅನ್ನಿಸಿಕೊಂಡವರನ್ನು ನೀನೇ ಹೆಸರು ಹಿಡಿದು ಕರೆ. ಮುರಿದ ಮನೆಗಳಲ್ಲಿ ಅತ್ತೆ ಸೊಸೆ, ತಾಯಿ ಮಗ ತಿರುಗಿ ಮಾತಾಡುವ ಹಾಗೆ ಮಾಡು. ನಮ್ಮ ಹೆಸರುಗಳನ್ನು ನಿನ್ನ ಜೀವಗ್ರಂಥದಲ್ಲಿ ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.